ಎರಡು ಪಾಸಿಟಿವ್

ಅಡ್ಡಕ್ಕೆ ಗುಂಪು: ಓ, ಎ, ಬಿ, ಎಬಿ.
ಉದ್ದಕ್ಕೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಸಿಫಿಲಿಸ್, ಮಲೇರಿಯಾ.
ಐದು ವರ್ಷದ ರಿಜಿಸ್ಟರು ತಿರುವಿ
ಮನೆಮನೆಗೂ ಅಂಕಿ ತುಂಬು ಅಂದಿದ್ದಾರೆ ಡಾಕ್ಟರು.
ಯಾವ ರಕ್ತದ ಮೇಲೆ ಯಾವ ರೋಗಕ್ಕೆ ಕಣ್ಣು
ತಿಳಿಯಬೇಕಂತೆ.

ಓ ಕಾಲಮ್ಮು ಬೇಗ ತುಂಬಿತು.
ಕಾರಣ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ
ನೆನಪಾಯಿತು: ಶಿಡ್ಲಘಟ್ಟದಿಂದ ಬಾಗೇಪಲ್ಲಿವರೆಗೆ
ಕ್ಯಾಂಪಿಗೆ ಬರುವವರಲ್ಲಿ ಓ ಜನವೇ ಜಾಸ್ತಿ.
ಸಂತೆಯಲ್ಲಿ ಯಾರು ಹೆಚ್ಚೋ
ಅವರ ಚಪ್ಪಲಿಯೇ ಹೆಚ್ಚು ಕಳೆಯುವುದು.

ಮೊನ್ನೆಯ ಪ್ಲೇಟಿನಲ್ಲಿ ತೊಂಬತ್ತಾರು ಗುಳಿ.
ಕಂಟ್ರೋಲು ಬಿಟ್ಟರೆ ಎಲ್ಲ ತಿಳಿನೀರು,
ಒಂದೇ ಒಂದು ಅರಿಸಿನ.
ಮತ್ತೆ ಹಾಕಿದೆ, ಎರಡೆರಡು ಸಲ. ಅರಿಸಿನವೇ.
ಮದುವೆ ಮನೆಯ ಬಣ್ಣ ಇಷ್ಟು ತಣ್ಣಗಿರುತ್ತದೆಂದು
ಈ ಕೆಲಸಕ್ಕೆ ಬಂದ ಮೇಲೆ ಗೊತ್ತು.

ಗಂಗುಲಪ್ಪ. ಬಿ ಪಾಸಿಟಿವ್. ಹದಿನೈದನೆಯ ಸಲ.
ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸ.
ಫೋನಿನಲ್ಲಿ ಹೇಳುವಂತಿಲ್ಲ. "ಒಮ್ಮೆ ಬಂದು ಹೋಗಿ" ಅಂದೆ.
ಬಂದ. ಬಾಗಿಲು ಹಾಕಿ ಹೇಳಿದೆ, ಪಾಸಿಟಿವ್ ಬಂದಿದೆ.
"ನಾನು ಮೊದಲಿಂದಲೂ ಪಾಸಿಟಿವೇ ಅಲ್ವಾ ಮೇಡಮ್?"
ಕಾರ್ಡು ತೆಗೆದು ತೋರಿಸಿದ.

ಇದು ಬೇರೆ ಎಂದು ಬಿಡಿಸಿ ಹೇಳುವುದಕ್ಕೆ
ಇಪ್ಪತ್ತು ನಿಮಿಷ ಹಿಡಿಯಿತು.
ಲಿವರು, ದೊಡ್ಡ ಡಾಕ್ಟರು, ಹೆಂಡತಿ ಮಕ್ಕಳಿಗೆ ಲಸಿಕೆ.
ಜತೆಗೆ ಕೂತು ಉಣ್ಣಬಹುದು, ಮಗುವನ್ನು ಎತ್ತಿಕೊಳ್ಳಬಹುದು.
"ನಮ್ಮ ಗುಂಪಿಗೇ ಬರುತ್ತಾ ಇದು?"
ಕೋಷ್ಟಕ ಪಕ್ಕದಲ್ಲೇ ಇತ್ತು. ಮಗುಚಿ ಇಟ್ಟೆ.
"ಇಲ್ಲ" ಅಂದೆ. "ಗೊತ್ತಿಲ್ಲ" ಅನ್ನಬೇಕಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅವನೇ:
"ನಾವೂ ತಾಯಿಚಿಟ್ಟೆ ಅರೆದು ಗಾಜಿನ ಮೇಲಿಟ್ಟು ನೋಡ್ತೀವಿ.
ಗಂಟುರೋಗ ಕಂಡರೆ ಅದಿಟ್ಟ ಮೊಟ್ಟೆಯೆಲ್ಲ ಸುಡೋದೇ.
ನೋಡೋಕೆ ಒಳ್ಳೇ ಮೊಟ್ಟೆನೇ, ಸಾಸುವೆ ಥರ.
ನನ್ನ ಚೀಲ ಸುಟ್ರಾ?"
ಆಟೋಕ್ಲೇವಿಗೆ ಹೋಯಿತು ಅಂದೆ.
"ಸರಿಯಾಗಿ ಮಾಡಿದ್ರಿ" ಅಂದ,
ಕೆಲಸ ಬಲ್ಲವನು ಕೆಲಸ ಬಲ್ಲವಳಿಗೆ ಹೇಳುವ ಹಾಗೆ.

ಮರುಪರೀಕ್ಷೆಗೆ ಐದು ಎಂ.ಎಲ್. ಎಳೆದೆ.
ತೋಳು ಮಡಿಸಿಕೊಂಡು, ರೂಢಿಯಂತೆ,
ಬಿಸ್ಕತ್ತಿನ ಡಬ್ಬಿಯ ಕಡೆ ನಡೆದ. ನಿಂತ.
ಡಬ್ಬಿಯ ಮೇಲೆ ನನ್ನದೇ ಅಕ್ಷರ: ದಾನಿಗಳಿಗೆ ಮಾತ್ರ.
ನಾನೇ ಮುಚ್ಚಳ ತೆಗೆದೆ.
ಎರಡು ತೆಗೆದುಕೊಂಡ, ಒಂದು ತಿಂದ,
ಇನ್ನೊಂದನ್ನು ಕರ್ಚೀಫಿನಲ್ಲಿ ಸುತ್ತುತ್ತಾ ಕೇಳಿದ,
"ಇದನ್ನ ಮಗೂಗೆ ಕೊಡಬಹುದಲ್ಲಾ?"