ಬಸಿಗಾಲುವಿ

ಪುಣೆಯಿಂದ ಲಾರಿಯಾಗ ಬಂತು ಹುಲ್ಲು,
ಚಾಪಿ ಸುತ್ತಿದಂಗ ಸುತ್ತಿ, ಮ್ಯಾಲ ಹಸಿ ಗೋಣಿ ಹೊದಿಸಿ.
ಅದರ ಬೆನ್ನಿಗೆ ಎರಡು ಬೆರಳು ಕೆಂಪು ಮಣ್ಣು,
ಕೆಳಗ ನಮ್ಮ ಎರಿ.
ದುಧನಿ ರಸ್ತೆಯ ಎರಡು ಎಕರೆಯಾಗ
ಹಾಸಿ, ತಟ್ಟಿ, ರೋಲರ್ ಓಡಿಸಿ
ಕಮಾನಿಗೆ ಬೋರ್ಡ್ ಬರೆಸಿದರು ಸಾತಲಿಂಗ ಸಾಹುಕಾರರು:
ಗಂಧರ್ವ ಲಾನ್ಸ್.
ಮರಾಠಿಯಾಗ ದೊಡ್ಡದು, ಕನ್ನಡದಾಗ ಸಣ್ಣದು.

ಮಿರಗದ ಎರಡನೇ ಮಳಿಗೆ
ನಿಂತ ನೀರು ನಿಂತೇ ಇತ್ತು.
ಮದುಮಗನ ಕಾಕಾ ಕೂತ ಕುರ್ಚಿ
ಒಂದು ಕಾಲು ಹೂತು, ಮೆಲ್ಲಕ ವಾಲಿ,
ಜಿಲೇಬಿ ಸಮೇತ ಕಾಕಾ ಮಲಗಿದ.
ಭಾಂಡಿ ತೊಳಿಯೂ ನಾವು ನಕ್ಕೆವು, ಸೆರಗು ಬಾಯಿಗೆ ಹಿಡಿದು.

ಸೊಲ್ಲಾಪುರದ ಇಂಜಿನಿಯರ ಬಂದ,
ಬೂಟಿಗೆ ಪ್ಲಾಸ್ಟಿಕ್ ಚೀಲ ಕಟಗೊಂಡು.
"ಉಸುಕು ಹೊಡಸ್ರಿ, ಹತ್ತು ಟ್ರಿಪ್."
ಎರಿಗೆ ಉಸುಕು ಬೆರಸಿದರ ಇಟ್ಟಂಗಿ ಆಗ್ತದ ಅಂದೆ ನಾನು.
ಆ ಮಾತು ತಾಟಿನ ಸಪ್ಪಳದಾಗ ಹೋತು.

ಸಂಜಿಗೆ ಸಾಹುಕಾರರ ಎದುರೇ
ಒಂದು ಮೊಳ ತಗ್ಗು ತೋಡಿ ಕೊಡ ಸುರುವಿದೆ.
ಮುಂಜಾನಿ ನೋಡಿದರ ನೀರು ಅಷ್ಟಕ್ಕಷ್ಟೇ,
ಮ್ಯಾಲೊಂದು ಕಪ್ಪಿ.
"ಇದು ಕುಡಿಯೂ ಮಣ್ಣಲ್ಲರಿ, ಹಿಡಿಯೂ ಮಣ್ಣು.
ಹಿಂಗಾರಿ ಜೋಳ ಈ ಹಿಡಿತದ ಮ್ಯಾಲೇ ಬದುಕ್ತಿತ್ತು.
ಹುಲ್ಲಿಗೆ ಅದೇ ರೋಗ."

"ನಿನಗ ಹೆಂಗ ಗೊತ್ತು?"
ಹೆಂಗ ಅಂದರ,
ಹದಿನಾಲ್ಕು ಸುಗ್ಗಿ ಇದೇ ಹೊಲದಾಗ ತೆನಿ ಮುರದೀನಿ.
ಮೂಡಲ ಮೂಲಿಗೆ ಒಂದು ಒಡ್ಡು, ಒಡ್ಡಿಗೊಂದು ಕಲ್ಲಿನ ಬಾಯಿ,
ಹೆಚ್ಚಾದದ್ದು ಅಲ್ಲಿಂದ ಹಳ್ಳಕ್ಕ.
ಅದರ ಮ್ಯಾಲೇ ಕೂತು ರೊಟ್ಟಿ ಬಿಚ್ಚತಿದ್ದೆವು,
ಕುಂಡಿಗೆ ತಂಪು, ನೆತ್ತಿಗೆ ಜಾಲಿ ನೆಳ್ಳು.
ಜೆಸಿಬಿ ಒಂದೇ ಮಧ್ಯಾಹ್ನದಾಗ ಎಲ್ಲಾ ಮಟ್ಟ ಮಾಡಿತು.
ನೀರಿಗೆ ಯಾರೂ ಹೇಳಲಿಲ್ಲ.
ಅದು ಈಗಲೂ ಅಲ್ಲಿಗೇ ಹೋಗಿ ನಿಂದರತಿತ್ತು,
ಮುಚ್ಚಿದ ಕದದ ಮುಂದ ಬೀಗರು ನಿಂತಂಗ.

ಮುಂದಿನ ಲಗ್ನಕ್ಕ ಐದು ದಿನ.
ಕೌದಿ ಮಡಚಿದಂಗ ಹುಲ್ಲು ಸುತ್ತಿ ಬದಿಗಿಟ್ಟು
ನಾನು, ಚಂಪಾಬಾಯಿ, ಹಲಗಿ ಬಾರಿಸೂ ಲಾಡ್ಲೇಸಾಬ
ಮೊಣಕಾಲುದ್ದ ಕಾಲುವಿ ತೋಡಿದೆವು:
ನಡುವೊಂದು, ಎರಡೂ ಕಡೆ ಓರೆಯಾಗಿ ಆರಾರು,
ಮೀನಿನ ಎಲುಬಿನಂಗ.
ಎರಿ ಸಲಿಕಿ ಬಿಡೂದಿಲ್ಲ; ಸಲಿಕಿಗೊಮ್ಮೆ ಕೈಲೇ ಕೆರೀಬೇಕು.
ಅರಿಶಿಣ ಕದಡಿದ ನೀರು ಸಣ್ಣ ನಳಿಗ್ಯಾಗ ತುಂಬಿ
ಇಳಿಜಾರು ಹಿಡಿದೆವು,
ತೂತಿನ ಪೈಪಿಗೆ ಜಾಳು ಅರಿವಿ ಸುತ್ತಿದೆವು, ಮ್ಯಾಲ ಖಡಿ.
ಮೂಡಲ ಮೂಲಿಗೆ ಹಾರಿ ಠಣ್ ಅಂತು.
ಅದೇ ಬಾಯಿ.
ಒಳಗ ಮಣ್ಣು ಮೆತ್ತಿ, ಒಂದು ಹರದ ಚಪ್ಪಲಿ.
ನನ್ನದಲ್ಲ.
ಯಾರದು ಅಂತ ಗೊತ್ತು, ಹೇಳೂದಿಲ್ಲ.

ಲಗ್ನದ ದಿನ ಅಕ್ಷತಿ ಬೀಳೂ ಹೊತ್ತಿಗೇ ಮಳಿ ಬಿತ್ತು.
ಮಂದಿ ಪತ್ರಾದ ಕೆಳಗ ಓಡಿದರು.
ನಾನು ಭಾಂಡಿ ಬಿಟ್ಟು ಓಡಿದ್ದು ರಸ್ತಿ ಕಡಿಗೆ,
ಕಲ್ಲಿನ ಬಾಯಿ ಮುಂದ ಕುಕ್ಕರಗಾಲಿಲೆ ಕೂತೆ.
ಒಂದು ಎಲಿ ಅಡಿಕಿ ಮುಗಿಯೂತನ ಏನೂ ಇಲ್ಲ.
ಆಮ್ಯಾಲ ಕರ್ರಗ ಒಂದು ಹನಿ,
ಒಂದು ಎಳಿ,
ಕಿರಿಬೆರಳಿನಷ್ಟು ದಪ್ಪ,
ಆಮ್ಯಾಲ ಸಪ್ಪಳ.
ಅಂಗೈ ಒಡ್ಡಿ ನೋಡಿದೆ, ಅರಿಶಿಣದ ಅಕ್ಕಿಕಾಳು ಬಂದಾವೇನು ಅಂತ.
ಇಲ್ಲ, ಅರಿವಿ ತಡದಿತ್ತು.
ಬರೀ ನೀರು. ತಣ್ಣಗ.
ಒಳಗಿಂದ ಸಾಹುಕಾರರು ಕೂಗತಿದ್ದರು, ತಾಟು ಸಾಲೂದಿಲ್ಲ ಅಂತ.