ತುಂಗಾ ಪಾನ

ಹತ್ತು ಗ್ರಾಮಿಗೇ ಮುಷ್ಟಿ ತುಂಬುತ್ತದೆ,
ಥರ್ಮೋಕೋಲಿನಷ್ಟು ಹಗುರ.
ಬಾತುಕೋಳಿಯಂತೆ.
"ಮಂಜುಗಟ್ಟಿಸಿ ನೀರು ಹೀರಿದ್ದಾರೆ ಅಕ್ಕಾ,
ಬೆಂಕಿ ಮುಟ್ಟಿಲ್ಲ" ಅಂದ ತೌಸೀಫ,
ಸವಳಂಗ ರಸ್ತೆಯ ಅಂಗಡಿಯಲ್ಲಿ.

ಬೆಂಕಿ ಮುಟ್ಟದ ಅಡುಗೆಗೆ ಇಷ್ಟು ಬೆಲೆಯೇ!
ದಿನಾ ಎಂಬತ್ತು ಎಲೆ ಹಾಕುವ ಮೆಸ್ಸಿನವಳು ನಾನು,
ಸಾರು ಚೂರು ಹುಳಿಯಾದರೆ
ಗಿರಾಕಿಯ ಹುಬ್ಬಿನಲ್ಲೇ ತಿಳಿಯುತ್ತದೆ.
ದೊರೆಸಾನಿಗೆ ಹುಬ್ಬೇ ಇಲ್ಲ.

ಮೊನ್ನೆ ಬಂಗುಡೆ ಮೂಸಿ ಹೋದಳು.
ನಿನ್ನೆ ಕೋಳಿಯ ಈಲಿ ಮೂಸಿ, ನೆಲ ಕೆರೆದು,
ಮಣ್ಣು ಮುಚ್ಚುವ ಹಾಗೆ ಮಾಡಿ ಹೋದಳು.
ಗಾರೆ ನೆಲ, ಮಣ್ಣೆಲ್ಲಿಂದ ಬರಬೇಕು,
ಆದರೂ ಅವಮಾನ ಪೂರ್ತಿಯಾಯಿತು.

ಮೂರು ಪೊಟ್ಟಣ ಕಿವಿಯ ಹತ್ತಿರ ಅಲ್ಲಾಡಿಸಿದೆ:
ಕೋಳಿ ಸಣ್ಣಗೆ ಗಲಗಲ,
ಮೀನು ನಮ್ಮ ಒಣಮೀನಿನದೇ ತಂಗಿ,
ಬಾತು ಸುಮ್ಮನಿತ್ತು.
ಸುಮ್ಮನಿದ್ದುದನ್ನೇ ತಂದೆ.

ಬಟ್ಟಲಲ್ಲಿ ಉಗುರುಬೆಚ್ಚಗೆ ನಲ್ಲಿ ನೀರು.
ಗಂಗೆಯಲ್ಲಿ ಮೀಯಬೇಕು, ತುಂಗೆ ಕುಡಿಯಬೇಕು
ಅನ್ನುತ್ತಾರಲ್ಲ,
ಈ ತುಂಡುಗಳು ಎರಡನ್ನೂ ಇಲ್ಲೇ ಮುಗಿಸಿದವು:
ಮಿಂದವು, ಕುಡಿದವು, ಉಬ್ಬಿ
ಮತ್ತೆ ಮಾಂಸವಾದವು.
ಯಾವ ಊರ ಬಾತೋ, ನಮ್ಮೂರ ನೀರು.

ದೊರೆಸಾನಿ ಬಂದಳು.
ಮೀಸೆ ಮುಂದಕ್ಕೆ ಬಂತು, ಹಿಂದಕ್ಕೆ ಹೋಯಿತು.
ಬಾತನ್ನು ಮೂಗಿನಿಂದ ಬದಿಗೆ ತಳ್ಳಿ
ನೀರಷ್ಟನ್ನೇ ನೆಕ್ಕಿದಳು,
ಬಟ್ಟಲು ಹೊಳೆಯುವ ತನಕ.

ಬಡಿಸುವ ಮೊದಲು ರುಚಿ ನೋಡದ್ದು ನನ್ನದೇ ತಪ್ಪು.
ಪೊಟ್ಟಣದ ಒಣ ತುಂಡೊಂದು ಬಾಯಿಗಿಟ್ಟೆ.
ಉಪ್ಪಿಲ್ಲ.
ಕುರುಕ್ ಅಂದ ಸದ್ದಿಗೆ ಮಾತ್ರ
ಹೊಸ್ತಿಲು ದಾಟುತ್ತಿದ್ದ ಎರಡು ಕಿವಿ
ಹಿಂದಕ್ಕೆ ತಿರುಗಿದವು.