ಹೋಗಲಿ

ಹನ್ನೆರಡನೇ ತರಗತಿಯ ಫ್ರೆಂಚಿಗೆ ನಾವೀಗ ನಾಲ್ಕೇ ಜನ.
ಉಳಿದವರು ಕಂಪ್ಯೂಟರ್ ಲ್ಯಾಬಿಗೆ ಬದಲಾಯಿಸಿಕೊಂಡರು.
ಏಸಿಯ ಹನಿಗೆ ಒಡ್ಡಿದ ಬಕೆಟ್ಟು ಐದನೆಯದು.
ಕಿಟಕಿಯಾಚೆ ರುವಿಯ ಬೋಳುಗುಡ್ಡ,
ಸೀದ ಬೆಲ್ಲದ ಬಣ್ಣ.

ಟ್ಯುನಿಸ್ ಊರಿನ ಮದಾಮ್ ಸೆಲ್ಮಾ ಬೋರ್ಡಿಗೆ ಬೆನ್ನು ಕೊಟ್ಟು ಹೇಳಿದರು:
ನಾನು ಹೊರಡಬೇಕು ಅಂದೆ, ಸರಿ.
ಆದರೆ ಇನ್ನೂ ಹೊರಟಿಲ್ಲವಲ್ಲ?
ನಡೆಯದ್ದಕ್ಕೆ, ಆಸೆಗೆ, ಅನುಮಾನಕ್ಕೆ, ಹೆದರಿಕೆಗೆ
ಕ್ರಿಯಾಪದ ಬೇರೆಯೇ ಅಂಗಿ ತೊಡುತ್ತದೆ.
ಅದೇ ಸಬ್ಜಂಕ್ಟಿವ್.
ನಿಮ್ಮ ಭಾಷೆಯಲ್ಲಿ ಉಂಟೇ ಇಂಥದ್ದು?
ಇಲ್ಲ ಅಂದೆ.

ಉಚ್ಚಾರ ಮಾತ್ರ ಅಂಚಿನಲ್ಲಿ ಕನ್ನಡದಲ್ಲೇ ಗೀಚುತ್ತೇನೆ,
ಲುಲುವಿನ ಬಿಲ್ಲುಗಳ ಹಿಂದೆ ಅಮ್ಮ ತಿದ್ದಿಸಿದ ಅಕ್ಷರ.
ಒತ್ತು ಈಗಲೂ ತಪ್ಪುತ್ತದೆ,
ಆದರೆ ಮೂಗಿನಲ್ಲೇ ಉಳಿಯಬೇಕಾದ ಅವರ ಸ್ವರಕ್ಕೆ
ನಮ್ಮದೊಂದು ಸೊನ್ನೆ ಸಾಕು:
ಬೊಂ. ಪೆಂ. ಮೆಂ.
ತುಟಿ ಮುಚ್ಚದೆ ಓದಿಕೊಂಡರಾಯಿತು.

ರಾತ್ರಿ ಅಪ್ಪ ಶೂ ಕಳಚದೆಯೇ ಕೂತಿದ್ದರು.
ವಾದಿ ಕಬೀರಿನ ಟೈಲ್ಸ್ ಅಂಗಡಿ ಕೈ ಬದಲಾಗುತ್ತಿದೆಯಂತೆ.
ವೀಸಾ ಮಾರ್ಚ್‌ವರೆಗೆ.
ನನ್ನ ಪರೀಕ್ಷೆಯೂ ಮಾರ್ಚ್‌ನಲ್ಲೇ.
"ಆಗಲಿ" ಅಂದಳು ಅಮ್ಮ.
ಕುಕ್ಕರ್ ಇಳಿಸಿ, "ಹೋಗಲಿ."
ಮತ್ತೆ ಸ್ವಲ್ಪ ಹೊತ್ತಿಗೆ, ಯಾರಿಗೆಂದು ತಿಳಿಯದ ಹಾಗೆ,
"ಏನು ಬರುತ್ತೋ ಬರಲಿ."

ನಾಳೆ ಮೊದಲ ಪಿರಿಯಡ್ಡೇ ಫ್ರೆಂಚು. ಮದಾಮ್‌ಗೆ ತಿದ್ದಿ ಹೇಳಬೇಕು.
ಉಂಟು, ಒಂದೇ ಅಕ್ಷರದಷ್ಟು, ಬಾಲದಲ್ಲಿ.
ಆದರೆ ಆ ನಡುವಿನದನ್ನು ಅನುವಾದಿಸಲು
ಎರಡು ವಾಕ್ಯ ಬೇಕು:
ಹೊರಡುವವರಿಗೊಂದು,
ಬಿಟ್ಟುಕೊಡುವವರಿಗೊಂದು.
ಅಮ್ಮ ಹೇಳಿದ್ದು ಯಾವುದು ಅಂತ
ನಾನು ಕೇಳಿಲ್ಲ.